ನೋಟ್‌ಬುಕ್ ಹಿಡಿದು ಬಾಗಿಲು ತಟ್ಟಿದವರು

ಡಿಸೆಂಬರ್ 22 ಗಣಿತಜ್ಞ ಶ್ರೀನಿವಾಸ ರಾಮಾನುಜನ್ ಅವರ ಜನ್ಮದಿನ. ಅದನ್ನೇ ರಾಷ್ಟ್ರೀಯ ಗಣಿತ ದಿನವಾಗಿ ಆಚರಿಸುತ್ತೇವೆ. ಕಳೆದ ಬಾರಿ ನಮ್ಮ ಕಾಲೇಜಿನಲ್ಲಿ ಆ ದಿನ ಅವರ ಬಗ್ಗೆ ಹತ್ತು ನಿಮಿಷ ಮಾತನಾಡಲು ಗೆಳೆಯರು ನನ್ನ ಹೆಸರು ಬರೆಸಿಬಿಟ್ಟರು. ಹೈಸ್ಕೂಲಿನಲ್ಲಿ ಭಾಷಣ ಸ್ಪರ್ಧೆಗಳಿಗೆ ಹೋಗುತ್ತಿದ್ದೆ ಎಂದು ಯಾವಾಗಲೋ ಜಂಬ ಕೊಚ್ಚಿಕೊಂಡಿದ್ದರ ಫಲ ಅದು. ಆದರೆ ಅವರಿಗೆ ಗೊತ್ತಿಲ್ಲದ ಸಂಗತಿಯೊಂದಿತ್ತು. ಎರಡು ತಿಂಗಳ ಹಿಂದೆ ಬಂದಿದ್ದ ನಾಲ್ಕನೇ ಸೆಮಿಸ್ಟರ್ ಫಲಿತಾಂಶದಲ್ಲಿ ನನ್ನ ಎರಡು ವಿಷಯಗಳು ಹೋಗಿದ್ದವು. ಅದರಲ್ಲಿ ಒಂದು ಗಣಿತ!

ರೂಮಿನವರಿಗೆ ಹೇಳಿರಲಿಲ್ಲ. ಹಾವೇರಿ ಜಿಲ್ಲೆಯ ನಮ್ಮೂರಿಗೆ ಫೋನ್ ಮಾಡಿ ಎಲ್ಲವೂ ಪಾಸಾಗಿದೆ ಎಂದುಬಿಟ್ಟಿದ್ದೆ. ಅಪ್ಪ ಆ ಖುಷಿಯನ್ನು ಚಹಾದ ಅಂಗಡಿಯಲ್ಲಿ ನಾಲ್ಕು ಜನರಿಗೆ ಹಂಚಿಯೂ ಆಗಿತ್ತು. ಆಮೇಲೆ ಮನೆಯಿಂದ ಫೋನ್ ಬಂದರೆ ಎದೆ ಧಸಕ್ಕೆನ್ನುತ್ತಿತ್ತು. ರಾತ್ರಿ ನಿದ್ದೆಯಿಲ್ಲ, ಬೆಳಗಿನ ಮೊದಲ ಕ್ಲಾಸಿಗೆ ಏಳಲು ಮನಸ್ಸಿಲ್ಲ. ಫೇಲಾಗಿದ್ದು ಎರಡು ವಿಷಯ ಮಾತ್ರ, ಆದರೆ ಇಡೀ ಬದುಕೇ ಫೇಲಾದಂತೆ ಅನಿಸುತ್ತಿತ್ತು. ಇಂಥ ಸ್ಥಿತಿಯಲ್ಲಿ ಗಣಿತದ ಮೇರು ಪ್ರತಿಭೆಯ ಬಗ್ಗೆ ಭಾಷಣ! ಬೇರೆ ದಾರಿಯಿಲ್ಲದೆ ಲೈಬ್ರರಿಯಿಂದ ಅವರ ಜೀವನಚರಿತ್ರೆ ತಂದು ಓದತೊಡಗಿದೆ.

ರಾಮಾನುಜನ್ ಹುಟ್ಟಿದ್ದು 1887ರಲ್ಲಿ, ತಮಿಳುನಾಡಿನ ಈರೋಡಿನಲ್ಲಿ. ಬೆಳೆದದ್ದು ಕುಂಭಕೋಣದಲ್ಲಿ. ತಂದೆ ಸೀರೆ ಅಂಗಡಿಯಲ್ಲಿ ಗುಮಾಸ್ತರು. ತಾಯಿ ಕೋಮಲತಮ್ಮಾಳ್ ದೇವಸ್ಥಾನದಲ್ಲಿ ಭಜನೆ ಹಾಡಿ ಒಂದಿಷ್ಟು ಸಂಪಾದಿಸುತ್ತಿದ್ದರು. ಕುಂಭಕೋಣದ ಟೌನ್ ಹೈಸ್ಕೂಲಿನಲ್ಲಿ ಹುಡುಗ ಎಲ್ಲರ ಕಣ್ಮಣಿ. ಹದಿನೈದು ಹದಿನಾರನೇ ವಯಸ್ಸಿನಲ್ಲಿ ಕಾರ್ ಎಂಬ ಇಂಗ್ಲಿಷ್ ಲೇಖಕನ ಗಣಿತ ಪುಸ್ತಕವೊಂದು ಕೈಗೆ ಸಿಕ್ಕಿತು. ಅದರಲ್ಲಿ ಸುಮಾರು ಐದು ಸಾವಿರ ಸೂತ್ರಗಳಿದ್ದವು, ಹೆಚ್ಚಿನವಕ್ಕೆ ವಿವರಣೆ ಇರಲಿಲ್ಲ. ಅವನ್ನೆಲ್ಲ ತಾವೇ ಸಾಧಿಸುತ್ತಾ ಹೋದ ರಾಮಾನುಜನ್ ಅಲ್ಲಿಂದಾಚೆಗೆ ಗಣಿತವೊಂದನ್ನು ಬಿಟ್ಟು ಬೇರೆಲ್ಲವನ್ನೂ ಮರೆತರು. 1904ರಲ್ಲಿ ಗಣಿತದ ಬಹುಮಾನ ಪಡೆದು ಹೈಸ್ಕೂಲು ಮುಗಿಸಿ, ವಿದ್ಯಾರ್ಥಿವೇತನದೊಂದಿಗೆ ಊರಿನ ಸರ್ಕಾರಿ ಕಾಲೇಜು ಸೇರಿದರು.

ಇಲ್ಲಿಯವರೆಗಿನದು ನಮಗೆಲ್ಲ ಶಾಲೆಯ ಪಾಠದಲ್ಲಿ ಗೊತ್ತಿರುವ ಕಥೆ. ಮುಂದಿನದನ್ನು ಮಾತ್ರ ಎರಡು ಸಾಲಿನಲ್ಲಿ ಮುಗಿಸಿಬಿಡುತ್ತಾರೆ. ಕಾಲೇಜಿನಲ್ಲಿ ಅವರು ಇಂಗ್ಲಿಷ್ ವಿಷಯದಲ್ಲಿ ಫೇಲಾದರು, ವಿದ್ಯಾರ್ಥಿವೇತನ ನಿಂತಿತು. ಫೀಸು ಕಟ್ಟುವ ಶಕ್ತಿ ಮನೆಗಿರಲಿಲ್ಲ. 1905ರಲ್ಲಿ ಹದಿನೇಳು ವರ್ಷದ ರಾಮಾನುಜನ್ ಯಾರಿಗೂ ಹೇಳದೆ ಮನೆ ಬಿಟ್ಟು ವಿಶಾಖಪಟ್ಟಣದ ಕಡೆಗೆ ಓಡಿಹೋದರು. ತಂದೆ ತಾಯಿ ಕಂಗಾಲಾಗಿ ಹುಡುಕಿದರು. ಈ ಪುಟವನ್ನು ಓದಿದಾಗ ನಾನು ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಜಗತ್ತೇ ಕೊಂಡಾಡುವ ಮನುಷ್ಯ ಕೂಡ ಫಲಿತಾಂಶದ ಮುಂದೆ ನನ್ನ ಹಾಗೆಯೇ ನಡೆದುಕೊಂಡಿದ್ದರು. ಅವರು ರೈಲು ಹತ್ತಿ ಓಡಿದರು, ನಾನು ಹೊದಿಕೆಯೊಳಗೆ ಅಡಗಿದ್ದೆ. ಅಷ್ಟೇ ವ್ಯತ್ಯಾಸ.

ಮನೆಗೆ ಮರಳಿದ ಮೇಲೂ ಕಷ್ಟ ಮುಗಿಯಲಿಲ್ಲ. 1906ರಲ್ಲಿ ಮದ್ರಾಸಿನ ಪಚ್ಚಯ್ಯಪ್ಪ ಕಾಲೇಜು ಸೇರಿದರು, ಕಾಯಿಲೆ ಬಿದ್ದು ಊರಿಗೆ ಬಂದರು. ಆ ವರ್ಷದ ಎಫ್‌.ಎ. ಪರೀಕ್ಷೆಯಲ್ಲಿ ಫೇಲ್. ಮರುವರ್ಷ ಖಾಸಗಿಯಾಗಿ ಕಟ್ಟಿದರು, ಮತ್ತೆ ಫೇಲ್. ಎಫ್‌.ಎ. ಎಂದರೆ ಇಂದಿನ ಪಿಯುಸಿಯಂಥದ್ದು. ನಾನು ಗಣಿತದಲ್ಲಿ ಬಿದ್ದಿದ್ದೆ, ಅವರು ಗಣಿತವೊಂದರಲ್ಲಿ ಗೆದ್ದು ಉಳಿದದ್ದರಲ್ಲಿ ಬಿದ್ದಿದ್ದರು. ಡಿಗ್ರಿ ಇಲ್ಲ, ಕೆಲಸವಿಲ್ಲ. ಕೆಲವರಿಗೆ ಮನೆಪಾಠ ಹೇಳುವುದು, ಉಳಿದ ಹೊತ್ತೆಲ್ಲ ಮನೆಯ ಜಗಲಿಯಲ್ಲಿ ಕೂತು ಸ್ಲೇಟಿನ ಮೇಲೆ ಲೆಕ್ಕ ಹಾಕುವುದು. ಕಾಗದಕ್ಕೆ ದುಡ್ಡಿಲ್ಲದ್ದರಿಂದ ಸ್ಲೇಟು. ಒರೆಸಲು ಬಟ್ಟೆ ಹುಡುಕುವಷ್ಟು ತಾಳ್ಮೆಯಿಲ್ಲದೆ ಮೊಣಕೈಯಲ್ಲೇ ಒರೆಸುತ್ತಿದ್ದರು. ಕೊನೆಯ ಉತ್ತರ ಮಾತ್ರ ನೋಟ್‌ಬುಕ್ಕಿಗೆ ಹೋಗುತ್ತಿತ್ತು.

1909ರಲ್ಲಿ ತಾಯಿ ಅವರಿಗೆ ಮದುವೆ ಮಾಡಿದರು. ಹೆಂಡತಿ ಜಾನಕಿಗೆ ಆಗ ಹತ್ತು ವರ್ಷ. ಮರುವರ್ಷವೇ ಒಂದು ಶಸ್ತ್ರಚಿಕಿತ್ಸೆ ಆಗಬೇಕಾಯಿತು. ಮನೆಯಲ್ಲಿ ಹಣವಿರಲಿಲ್ಲ. ವೈದ್ಯರೊಬ್ಬರು ದುಡ್ಡು ತೆಗೆದುಕೊಳ್ಳದೆ ಮಾಡಿಕೊಟ್ಟರು. ಇಪ್ಪತ್ತೆರಡರ ಯುವಕನಿಗೆ ಈಗ ಜವಾಬ್ದಾರಿ ಇತ್ತು, ಕೈಯಲ್ಲಿ ಮಾತ್ರ ಏನೂ ಇರಲಿಲ್ಲ. ಇದ್ದದ್ದು ಆ ನೋಟ್‌ಬುಕ್ ಒಂದೇ.

ನನ್ನ ಪ್ರಕಾರ ರಾಮಾನುಜನ್ ಅವರ ಬದುಕು ತಿರುಗಿದ್ದು ಇಲ್ಲಿ. ಐದು ವರ್ಷಗಳ ಹಿಂದೆ ಮನೆ ಬಿಟ್ಟು ಓಡಿಹೋದವರು ಈ ಸಲ ಓಡಲಿಲ್ಲ. ನೋಟ್‌ಬುಕ್ ಹಿಡಿದುಕೊಂಡು ಒಂದೊಂದೇ ಬಾಗಿಲು ತಟ್ಟಿದರು. ಮೊದಲು ಹೋದದ್ದು ತಿರುಕ್ಕೋಯಿಲೂರಿಗೆ. ಅಲ್ಲಿ ಡೆಪ್ಯುಟಿ ಕಲೆಕ್ಟರ್ ಆಗಿದ್ದ ರಾಮಸ್ವಾಮಿ ಅಯ್ಯರ್ ಭಾರತೀಯ ಗಣಿತ ಸಂಘವನ್ನು ಕಟ್ಟಿದವರು. ಅವರ ಕಚೇರಿಯಲ್ಲಿ ಸಣ್ಣದೊಂದು ಗುಮಾಸ್ತಿಕೆ ಸಿಕ್ಕರೆ ಸಾಕೆಂಬುದು ರಾಮಾನುಜನ್ ಆಸೆ. ನೋಟ್‌ಬುಕ್ ತಿರುವಿದ ಅಯ್ಯರ್ ಈ ಪ್ರತಿಭೆಯನ್ನು ಗುಮಾಸ್ತಿಕೆಗೆ ಹಾಕುವುದು ತಪ್ಪೆಂದುಕೊಂಡು, ಮದ್ರಾಸಿನ ಪರಿಚಯದವರಿಗೆ ಪತ್ರ ಕೊಟ್ಟು ಕಳಿಸಿದರು. ಆ ಸರಪಳಿಯ ಕೊನೆಗೆ ಸಿಕ್ಕವರು ನೆಲ್ಲೂರಿನ ಕಲೆಕ್ಟರ್ ರಾಮಚಂದ್ರ ರಾವ್. ಅವರು ಮೊದಲು ಅನುಮಾನಪಟ್ಟರು, ಆಮೇಲೆ ಒಪ್ಪಿದರು, ಕೊನೆಗೆ ತಿಂಗಳಿಗೆ 25 ರೂಪಾಯಿ ಕೊಡತೊಡಗಿದರು. 1911ರಲ್ಲಿ ಗಣಿತ ಸಂಘದ ಪತ್ರಿಕೆಯಲ್ಲಿ ರಾಮಾನುಜನ್ ಅವರ ಮೊದಲ ಪ್ರಬಂಧ ಅಚ್ಚಾಯಿತು.

ಹಾಗೆಂದು ಅವರು ಬೇರೆಯವರ ದುಡ್ಡಿನಲ್ಲೇ ಇರಲು ಬಯಸಲಿಲ್ಲ. 1912ರ ಮಾರ್ಚ್‌ನಲ್ಲಿ ಮದ್ರಾಸ್ ಪೋರ್ಟ್ ಟ್ರಸ್ಟ್‌ನ ಲೆಕ್ಕಪತ್ರ ವಿಭಾಗದಲ್ಲಿ ತಿಂಗಳಿಗೆ 30 ರೂಪಾಯಿಯ ಗುಮಾಸ್ತರಾದರು. ಪ್ರತಿಭೆಗೆ ತಕ್ಕ ಕೆಲಸ ಖಂಡಿತ ಅಲ್ಲ. ಆದರೆ ಊಟಕ್ಕೆ ದಾರಿಯಾಯಿತು, ಮನಸ್ಸಿಗೆ ನೆಮ್ಮದಿ ಬಂತು, ಸಂಜೆಗಳು ಗಣಿತಕ್ಕೆ ಉಳಿದವು. ಅಲ್ಲಿನ ಮುಖ್ಯ ಲೆಕ್ಕಾಧಿಕಾರಿ ನಾರಾಯಣ ಅಯ್ಯರ್ ಕೂಡ ಗಣಿತ ಬಲ್ಲವರು. ಇಬ್ಬರೂ ರಾತ್ರಿ ಸ್ಲೇಟು ಹಿಡಿದು ಕೂರುತ್ತಿದ್ದರು. ಪೋರ್ಟ್ ಟ್ರಸ್ಟ್‌ನ ಅಧ್ಯಕ್ಷ ಫ್ರಾನ್ಸಿಸ್ ಸ್ಪ್ರಿಂಗ್ ಎಂಜಿನಿಯರ್. ಎಂಜಿನಿಯರೊಬ್ಬರು ರಾಮಾನುಜನ್ ಬೆನ್ನಿಗೆ ನಿಂತಿದ್ದರೆಂಬುದು ನನಗೆ ಹೆಮ್ಮೆಯ ಸಂಗತಿ.

ಬಳಿಕ ಇಂಗ್ಲೆಂಡಿನ ಬಾಗಿಲುಗಳು. ಕೇಂಬ್ರಿಜ್‌ನ ಬೇಕರ್ ಮತ್ತು ಹಾಬ್ಸನ್ ಎಂಬ ಇಬ್ಬರು ಗಣಿತಜ್ಞರಿಗೆ ಪತ್ರ ಬರೆದರು. ಇಬ್ಬರಿಂದಲೂ ಪ್ರಯೋಜನವಾಗಲಿಲ್ಲ. ಮೂರನೆಯದು 1913ರ ಜನವರಿ 16ರಂದು ಜಿ.ಎಚ್‌. ಹಾರ್ಡಿ ಅವರಿಗೆ. ಹಾಳೆಗಟ್ಟಲೆ ಸೂತ್ರಗಳಿದ್ದ ಆ ಪತ್ರವನ್ನು ಹಾರ್ಡಿ ಗೆಳೆಯ ಲಿಟಲ್‌ವುಡ್ ಜೊತೆ ಕೂತು ಪರಿಶೀಲಿಸಿ ಬೆರಗಾದರು. ಅದೇ ವರ್ಷ ಮದ್ರಾಸ್ ವಿಶ್ವವಿದ್ಯಾಲಯ ತಿಂಗಳಿಗೆ 75 ರೂಪಾಯಿಯ ಸಂಶೋಧನಾ ವೇತನ ಕೊಟ್ಟಿತು. 1914ರ ಮಾರ್ಚ್ 17ರಂದು ರಾಮಾನುಜನ್ ಹಡಗು ಹತ್ತಿದರು. ಎಫ್‌.ಎ. ದಾಟಲಾಗದಿದ್ದವರಿಗೆ 1916ರಲ್ಲಿ ಕೇಂಬ್ರಿಜ್ ಸಂಶೋಧನೆಯ ಆಧಾರದ ಮೇಲೆ ಬಿ.ಎ. ಪದವಿ ನೀಡಿತು.

ನಾನು ಭಾಷಣವನ್ನು ಇಲ್ಲಿಗೇ ನಿಲ್ಲಿಸಬಹುದಿತ್ತು. ಕಷ್ಟಪಟ್ಟರು, ಗೆದ್ದರು, ಚಪ್ಪಾಳೆ. ಆದರೆ ಮುಂದಿನ ಪುಟಗಳು ನನ್ನನ್ನು ಇನ್ನೂ ಹೆಚ್ಚು ಕಾಡಿದವು. ಕೇಂಬ್ರಿಜ್‌ನಲ್ಲಿ ಕೆಲಸಕ್ಕೆ ಹಾರ್ಡಿ ಜೊತೆಗಿದ್ದರು. ಆದರೆ ಮನಸ್ಸಿನ ಮಾತು ಆಡಿಕೊಳ್ಳಲು ಹತ್ತಿರದವರಿರಲಿಲ್ಲ. ಕಟ್ಟಾ ಸಸ್ಯಾಹಾರಿಯಾದ ಅವರು ಆ ಚಳಿಯಲ್ಲಿ ತಾವೇ ಅಡುಗೆ ಮಾಡಿಕೊಳ್ಳಬೇಕು. ಹೋದ ವರ್ಷವೇ ಮಹಾಯುದ್ಧ ಶುರುವಾಗಿ ತರಕಾರಿಗೂ ಕಷ್ಟವಾಯಿತು. ಹೊತ್ತುಹೊತ್ತಿಗೆ ಊಟವಿಲ್ಲ, ಗಂಟೆಗಟ್ಟಲೆ ಎಡೆಬಿಡದ ಲೆಕ್ಕ. ಊರಲ್ಲಿ ಅತ್ತೆ ಸೊಸೆಗೆ ಹೊಂದಾಣಿಕೆ ಇರಲಿಲ್ಲ. ಗಂಡ ಹೆಂಡತಿ ಒಬ್ಬರಿಗೊಬ್ಬರು ಬರೆದ ಪತ್ರಗಳು ತಲುಪಬೇಕಾದವರ ಕೈಗೆ ತಲುಪಲಿಲ್ಲ. 1917ರಲ್ಲಿ ಆರೋಗ್ಯ ಕೆಟ್ಟು ಆಸ್ಪತ್ರೆ, ಸ್ಯಾನಿಟೋರಿಯಂಗಳ ಅಲೆದಾಟ ಶುರುವಾಯಿತು. ಒಂದು ಹಂತದಲ್ಲಿ ಲಂಡನ್ನಿನಲ್ಲಿ ಅವರು ಜೀವವನ್ನೇ ಕಳೆದುಕೊಳ್ಳಲು ಮುಂದಾದರು. ಅದೃಷ್ಟವಶಾತ್ ಬದುಕುಳಿದರು, ಹಾರ್ಡಿ ನೆರವಿಗೆ ಬಂದರು.

ಇದನ್ನು ಓದಿ ನನಗೆ ಗಾಬರಿಯಾಯಿತು. ಅಷ್ಟು ದೊಡ್ಡ ಬುದ್ಧಿಯೂ ಒಂಟಿತನದ ಎದುರು ಕೆಲಸಕ್ಕೆ ಬರಲಿಲ್ಲ ಅಂದರೆ ಏನರ್ಥ? ಮದ್ರಾಸಿನಲ್ಲಿ ಹಣ, ಪದವಿ ಯಾವುದೂ ಇಲ್ಲದಿದ್ದಾಗ ಅವರನ್ನು ಕಾಪಾಡಿದ್ದು ಸುತ್ತಲಿನ ಜನ. ಕೇಂಬ್ರಿಜ್‌ನಲ್ಲಿ ಹೆಸರು, ಗೌರವ ಎರಡೂ ಸಿಗುತ್ತಿದ್ದಾಗ ಇಲ್ಲದಿದ್ದದ್ದು ಅದೊಂದೇ. ಬದುಕು ಭಾರವಾಗುವುದು ಸೋಲಿನಿಂದ ಮಾತ್ರವಲ್ಲ, ಅದನ್ನು ಒಬ್ಬರೇ ಹೊರುವುದರಿಂದ ಎಂದು ನನಗೆ ಅರ್ಥವಾದದ್ದು ಆಗ.

1918ರಲ್ಲಿ ರಾಮಾನುಜನ್ ರಾಯಲ್ ಸೊಸೈಟಿಯ ಫೆಲೋ ಆದರು. ಅದೇ ವರ್ಷ ಅಕ್ಟೋಬರ್‌ನಲ್ಲಿ ಟ್ರಿನಿಟಿ ಕಾಲೇಜಿನ ಫೆಲೋ ಆದ ಮೊದಲ ಭಾರತೀಯರೂ ಆದರು. ಮದ್ರಾಸ್ ವಿಶ್ವವಿದ್ಯಾಲಯ ವರ್ಷಕ್ಕೆ 250 ಪೌಂಡ್ ಕೊಡಲು ಮುಂದೆ ಬಂದಾಗ, ಮನೆಯವರಿಗೆ ಮತ್ತು ತಮಗೆ ಬೇಕಾದಷ್ಟನ್ನು ಇಟ್ಟುಕೊಂಡು ಉಳಿದದ್ದನ್ನು ಬಡ ಹುಡುಗರ, ಅನಾಥರ ಓದಿಗೆ ಬಳಸುವಂತೆ ಕೇಳಿಕೊಂಡರು. ಫೀಸು ಕಟ್ಟಲಾಗದೆ ಕಾಲೇಜು ಬಿಟ್ಟ ಹುಡುಗನನ್ನು ಅವರು ಮರೆತಿರಲಿಲ್ಲ. 1919ರಲ್ಲಿ ತಾಯ್ನಾಡಿಗೆ ಮರಳಿದರು. ಕೊನೆಯ ದಿನಗಳಲ್ಲಿ ಜಾನಕಿ ಹಗಲಿರುಳು ಅವರ ಆರೈಕೆ ಮಾಡಿದರು. ಮಲಗಿದಲ್ಲೇ ಹೊಸ ಬಗೆಯ ಫಲನಗಳನ್ನು ಕಂಡುಕೊಂಡು 1920ರ ಜನವರಿಯಲ್ಲಿ ಹಾರ್ಡಿಗೆ ಬರೆದು ತಿಳಿಸಿದರು. ಅದೇ ವರ್ಷ ಏಪ್ರಿಲ್ 26ರಂದು ತೀರಿಕೊಂಡರು. ವಯಸ್ಸು ಬರೀ 32. ಆ ಕೊನೆಯ ಹಾಳೆಗಳು 1976ರಲ್ಲಿ ಟ್ರಿನಿಟಿಯ ಲೈಬ್ರರಿಯಲ್ಲಿ ಸಿಕ್ಕು, ಇಂದಿಗೂ ಗಣಿತಜ್ಞರಿಗೆ ಕೆಲಸ ಕೊಡುತ್ತಿವೆ.

ಫೇಲಾದವರೆಲ್ಲ ರಾಮಾನುಜನ್ ಆಗುವುದಿಲ್ಲ. ನಾನಂತೂ ಆಗುವುದಿಲ್ಲ, ನನ್ನ ಉತ್ತರ ಪತ್ರಿಕೆಯೇ ಅದಕ್ಕೆ ಸಾಕ್ಷಿ. ಹಾಗಾಗಿ ಅವರ ಪ್ರತಿಭೆಯಿಂದ ನಾನು ಕಲಿಯುವುದು ಕಡಿಮೆ. ಆದರೆ ಅವರು ತಿರುಕ್ಕೋಯಿಲೂರಿಗೆ ಹೋದ ದಾರಿ ನನಗೂ ತೆರೆದಿದೆ. ಇರುವುದನ್ನು ಇರುವ ಹಾಗೆ ತೆಗೆದುಕೊಂಡು ಹೋಗಿ ಒಬ್ಬರ ಮುಂದೆ ಇಡುವುದು. ಅವರು ಆಗದಿದ್ದರೆ ಇನ್ನೊಬ್ಬರು. ಅಲ್ಲಿಯವರೆಗೆ ಕೈಗೆ ಸಿಕ್ಕ 30 ರೂಪಾಯಿಯ ಕೆಲಸವನ್ನು ಕೀಳೆನ್ನದೆ ಮಾಡುವುದು.

ಭಾಷಣದ ಹಿಂದಿನ ರಾತ್ರಿ ಹಾಸ್ಟೆಲ್ ಟೆರೇಸಿಗೆ ಹೋಗಿ ಅಪ್ಪನಿಗೆ ಫೋನ್ ಮಾಡಿದೆ. ಎರಡು ವಿಷಯ ಹೋಗಿವೆ, ಸುಳ್ಳು ಹೇಳಿದ್ದೆ ಎಂದು ಒಂದೇ ಉಸಿರಿಗೆ ಹೇಳಿ ಬೈಗುಳಕ್ಕೆ ಕಾದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಊಟವಾಯಿತೇ ಎಂದು ಕೇಳಿದರು. ಬಳಿಕ ಮೆಲ್ಲಗೆ ಇನ್ನೊಂದು ವಿಷಯ ಹೇಳಿದರು. ಹೊಲದಲ್ಲಿ ಕೊರೆಸಿದ ಎರಡು ಬೋರ್‌ವೆಲ್‌ಗಳಲ್ಲೂ ನೀರು ಬಿದ್ದಿರಲಿಲ್ಲ. ನನ್ನ ಓದಿಗೆ ತೊಂದರೆಯಾದೀತೆಂದು ಅದನ್ನು ಮುಚ್ಚಿಟ್ಟಿದ್ದರಂತೆ. ಇಬ್ಬರೂ ಎರಡೆರಡರಲ್ಲಿ ಫೇಲಾಗಿ ಒಬ್ಬರಿಗೊಬ್ಬರು ಹೇಳಿಕೊಂಡಿರಲಿಲ್ಲ! ಸಾಲ ತೀರಲಿಲ್ಲ, ನನ್ನ ಅಂಕಗಳೂ ಏರಲಿಲ್ಲ. ಆದರೂ ಅಂದು ಎರಡು ತಿಂಗಳ ಬಳಿಕ ನಾನು ಗಡದ್ದಾಗಿ ನಿದ್ದೆ ಮಾಡಿದೆ.

ಮರುದಿನ ಭಾಷಣದಲ್ಲಿ ರಾಮಾನುಜನ್ ಫೇಲಾದ ಕಥೆಯ ಜೊತೆ ನನ್ನ ಕಥೆಯನ್ನೂ ಹೇಳಿದೆ. ಕಾರ್ಯಕ್ರಮ ಮುಗಿದ ಮೇಲೆ ಮೂವರು ಹುಡುಗರು ಬಂದು ತಮ್ಮದೂ ಗಣಿತ ಬಾಕಿಯಿದೆ ಎಂದರು. ಈಗ ನಾಲ್ವರೂ ಸೇರಿ ರಾತ್ರಿ ಒಂಬತ್ತರಿಂದ ಹನ್ನೊಂದರವರೆಗೆ ಮೆಸ್‌ನಲ್ಲಿ ಕೂತು ಲೆಕ್ಕ ಬಿಡಿಸುತ್ತೇವೆ. ಗಣಿತದ ಮೇಡಂ ಬಳಿ ಉತ್ತರ ತೋರಿಸಲು ಹೋದಾಗ ಮೊದಲಿನಷ್ಟು ಕೈ ನಡುಗುವುದಿಲ್ಲ.

ನಿಮಗೂ ಹಾಗೆ ಅನಿಸುತ್ತಿದ್ದರೆ ಇವತ್ತೇ ಯಾರಾದರೊಬ್ಬರಿಗೆ ಹೇಳಿ. ಅಪ್ಪನೋ ಅವ್ವನೋ ಅಕ್ಕನೋ ಗೆಳೆಯನೋ ಲೆಕ್ಚರರೋ, ಯಾರಾದರೂ ಸರಿ. ಯಾರೂ ಇಲ್ಲವೆನಿಸಿದರೆ, ಬದುಕೇ ಬೇಡವೆನಿಸಿದರೆ ಸರ್ಕಾರದ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಉಚಿತ, ಕನ್ನಡದಲ್ಲೇ ಮಾತನಾಡಬಹುದು. ನನ್ನ ಪರೀಕ್ಷೆ ಮುಂದಿನ ತಿಂಗಳಿದೆ. ಪಾಸಾಗುತ್ತೇನೋ ಇಲ್ಲವೋ ಹೇಳಲಾರೆ. ಆದರೆ ಫಲಿತಾಂಶ ಏನೇ ಬರಲಿ, ಅಪ್ಪನಿಗೆ ಅದೇ ದಿನ ಫೋನ್ ಮಾಡುತ್ತೇನೆ.