ಮಧುಮೇಹಿಗಳ ಪ್ರಾಣದಾತ ಬ್ಯಾಂಟಿಂಗ್

ಮಧುಮೇಹವು ಮಕ್ಕಳ ಪಾಲಿಗೆ ಮರಣಶಾಸನವೇ ಆಗಿದ್ದ ಕಾಲವೊಂದಿತ್ತು. ಆಹಾರವನ್ನು ಕಡಿತಗೊಳಿಸಿ ಆಯುಷ್ಯವನ್ನು ಕೆಲದಿನ ಮುಂದೂಡುವುದರ ಹೊರತು ವೈದ್ಯರಿಗೆ ಅನ್ಯಮಾರ್ಗವಿರಲಿಲ್ಲ. ಹೊಸ ಮಾರ್ಗವನ್ನು ತೆರೆದವರಲ್ಲಿ ಫ್ರೆಡರಿಕ್ ಬ್ಯಾಂಟಿಂಗರು ಅಗ್ರಗಣ್ಯರು.

ಕೆನಡಾ ದೇಶದ ಆಲಿಸ್ಟನ್ ಬಳಿಯ ಒಕ್ಕಲು ಮನೆತನವೊಂದರಲ್ಲಿ 1891ರ ನವೆಂಬರ್ 14ರಂದು ಇವರು ಜನಿಸಿದರು. ಟೊರಾಂಟೊದಲ್ಲಿ ವೈದ್ಯಶಾಸ್ತ್ರವನ್ನು ಅಭ್ಯಸಿಸಿ, ಪ್ರಥಮ ಮಹಾಯುದ್ಧದಲ್ಲಿ ಸೇವೆ ಸಲ್ಲಿಸಿ ಗಾಯಗೊಂಡರು. ಮರಳಿ ಬಂದು ತೆರೆದ ಚಿಕಿತ್ಸಾಲಯಕ್ಕೆ ರೋಗಿಗಳು ಬರುವುದೇ ವಿರಳವಾಗಲು, ಉಪಜೀವನಕ್ಕಾಗಿ ಬೋಧನೆಯನ್ನು ಕೈಕೊಂಡರು. ಪಾಠಕ್ಕಾಗಿ ಓದುತ್ತಿದ್ದಾಗಲೇ, 1920ರ ಅಕ್ಟೋಬರ್ 31ರ ರಾತ್ರಿ, ಮೇದೋಜೀರಕ ಗ್ರಂಥಿಯ ನಾಳವನ್ನು ಬಿಗಿದು ಅದರ ಅಂತಃಸ್ರಾವವನ್ನು ಬೇರ್ಪಡಿಸುವ ವಿಚಾರವು ಅವರಿಗೆ ಹೊಳೆಯಿತು.

1921ರ ಬೇಸಗೆಯಲ್ಲಿ ಪ್ರಾಧ್ಯಾಪಕ ಮ್ಯಾಕ್ಲಿಯಡರ ಪ್ರಯೋಗಶಾಲೆಯಲ್ಲಿ, ತರುಣ ಚಾರ್ಲ್ಸ್ ಬೆಸ್ಟರೊಡಗೂಡಿ ನಾಯಿಗಳ ಮೇಲೆ ಪ್ರಯೋಗ ನಡೆಸಿದರು. ಗ್ರಂಥಿಯ ಸಾರವನ್ನು ನೀಡಲು ಅವುಗಳ ರಕ್ತದಲ್ಲಿನ ಸಕ್ಕರೆಯು ಇಳಿಯಿತು. 1922ರ ಜನವರಿ 11ರಂದು 14 ವರ್ಷದ ಲಿಯೊನಾರ್ಡ್ ಥಾಂಪ್ಸನ್ ಎಂಬ ಬಾಲಕನಿಗೆ ಕೊಟ್ಟ ಮೊದಲ ಚುಚ್ಚುಮದ್ದು ಸಫಲವಾಗಲಿಲ್ಲ. ಆದರೂ ಪ್ರಯತ್ನವು ನಿಲ್ಲಲಿಲ್ಲ. ರಸಾಯನತಜ್ಞ ಕಾಲಿಪರು ಶುದ್ಧೀಕರಿಸಿದ ಔಷಧವನ್ನು 23ರಂದು ಕೊಡಲು ಬಾಲಕನು ಚೇತರಿಸಿಕೊಂಡನು; 1935ರವರೆಗೂ ಬಾಳಿದನು. ಆ ಔಷಧವೇ ಇನ್ಸುಲಿನ್.

1923ರಲ್ಲಿ ನೊಬೆಲ್ ಪಾರಿತೋಷಕವು ಬ್ಯಾಂಟಿಂಗ್ ಮತ್ತು ಮ್ಯಾಕ್ಲಿಯಡರಿಗೆ ಮಾತ್ರ ದೊರೆಯಿತು. ಬೆಸ್ಟರನ್ನು ಕೈಬಿಟ್ಟದ್ದಕ್ಕೆ ನೊಂದ ಬ್ಯಾಂಟಿಂಗರು ತಮ್ಮ ಹಣದಲ್ಲಿ ಅರ್ಧಭಾಗವನ್ನು ಅವರಿಗೆ ಹಂಚಿದರು. ಮ್ಯಾಕ್ಲಿಯಡರೂ ಕಾಲಿಪರಿಗೆ ಪಾಲು ನೀಡಿದರು. ಔಷಧದ ಹಕ್ಕನ್ನು ಸಂಶೋಧಕರು ತಲಾ ಒಂದೇ ಡಾಲರಿಗೆ ಟೊರಾಂಟೊ ವಿಶ್ವವಿದ್ಯಾಲಯಕ್ಕೆ ಬಿಟ್ಟುಕೊಟ್ಟರು.

1941ರ ಫೆಬ್ರವರಿಯಲ್ಲಿ ವಿಮಾನಾಪಘಾತದಲ್ಲಿ ಬ್ಯಾಂಟಿಂಗರು ಅಸುನೀಗಿದರು. ಅವರ ಜನ್ಮದಿನವನ್ನು ಜಗತ್ತು ಇಂದು ಮಧುಮೇಹ ದಿನವೆಂದು ಆಚರಿಸುತ್ತಿದೆ. ಗಳಿಸಿದ ಜ್ಞಾನವನ್ನು ಪರರ ಪ್ರಾಣರಕ್ಷಣೆಗೆ ಸವೆಸಿದವರ ಬಾಳೇ ವಿದ್ಯಾರ್ಥಿಗಳಿಗೆ ದಾರಿದೀಪ.