ವ್ರತಸೋಪಾನದ ಪಥಿಕ: ಆಚಾರ್ಯ ಶ್ರೀ ಶಾಂತಿಸಾಗರ ಮಹಾರಾಜರು

ಖಾನಾಪುರ ತಾಲೂಕಿನ ಲೋಂಡಾ ಸಹ್ಯಾದ್ರಿಯ ಮಡಿಲಿನ ಸಣ್ಣ ಊರು. ಹುಬ್ಬಳ್ಳಿ, ಗೋವಾ, ಬೆಳಗಾವಿಗಳ ರೈಲುಹಳಿಗಳು ಅಲ್ಲಿ ಕೂಡುವುದರಿಂದ ಅದರ ಹೆಸರು ದೂರದವರಿಗೂ ಪರಿಚಿತ. ತೀರ್ಥಯಾತ್ರೆಗೆ ಹೊರಟ ಶ್ರಾವಕರು ಅಲ್ಲಿಂದ ಬೆಳಗಾವಿಯ ಮಾರ್ಗವಾಗಿ ಮೀರಜಿನತ್ತ ಸಾಗುವಾಗ, ಇದೇ ಜಿಲ್ಲೆಯಲ್ಲಿ ಬೆಳೆದು, ವಾಹನವನ್ನೇ ಆಜೀವ ತ್ಯಜಿಸಿ, ಕಾಲ್ನಡಿಗೆಯಿಂದ ಸಮ್ಮೇದಶಿಖರಜಿಯನ್ನು ಸೇರಿದ ಮಹಾತ್ಮರನ್ನು ನೆನೆಯುವುದು ಉಚಿತ. ಅವರೇ ಚಾರಿತ್ರಚಕ್ರವರ್ತಿ ಆಚಾರ್ಯ ಶ್ರೀ ಶಾಂತಿಸಾಗರ ಮಹಾರಾಜರು.

1872ರಲ್ಲಿ ತಾಯಿ ಸತ್ಯವತಿಯವರ ತವರಾದ ಯಳಗುಡದಲ್ಲಿ ಅವರ ಜನನವಾಯಿತು. ತಂದೆ ಭೀಮಗೌಡ ಪಾಟೀಲರು. ಊರು ದೂಧಗಂಗಾ, ವೇದಗಂಗಾ ನದಿಗಳ ಸಂಗಮದ ಭೋಜ. ಬಾಲಕನಿಗೆ ಇಟ್ಟ ಹೆಸರು ಸಾತಗೌಡ. ಅಂದಿನ ರೂಢಿಯಂತೆ ಒಂಬತ್ತನೆಯ ವಯಸ್ಸಿನಲ್ಲಿಯೇ ವಿವಾಹವಾಯಿತು. ಕೆಲವೇ ತಿಂಗಳಲ್ಲಿ ಬಾಲವಧು ತೀರಿಕೊಂಡಳು. ಮತ್ತೆ ವಿವಾಹಕ್ಕೆ ಅವರು ಒಪ್ಪಲಿಲ್ಲ.

ಹದಿನೆಂಟರ ಹೊತ್ತಿಗೇ ಮುನಿದೀಕ್ಷೆಯ ಹಂಬಲ ಮೂಡಿತ್ತು. ತಾವು ಬದುಕಿರುವವರೆಗೂ ಮಗನು ಮನೆಯಲ್ಲಿರಲಿ ಎಂಬುದು ತಂದೆಯ ಅಪೇಕ್ಷೆ. ಸಾತಗೌಡರು ಅದನ್ನು ಮೀರಲಿಲ್ಲ. ಆದರೆ ಕಾಯುವ ಆ ದೀರ್ಘಕಾಲವನ್ನು ವ್ಯರ್ಥಗೊಳಿಸಲೂ ಇಲ್ಲ. ಹೊಲಕ್ಕೆ ಬಂದ ಹಕ್ಕಿಗಳನ್ನು ಓಡಿಸದೆ ಅವಕ್ಕೆ ನೀರಿಡುತ್ತಿದ್ದರೆಂದೂ, ಊರಿಗೆ ಬಂದ ಮುನಿಗಳನ್ನು ಹೆಗಲ ಮೇಲೆ ಹೊತ್ತು ನದಿ ದಾಟಿಸುತ್ತಿದ್ದರೆಂದೂ ಆ ಸೀಮೆಯ ಜನ ಹೇಳುತ್ತಾರೆ. 1905ರಲ್ಲಿ ಶಿಖರಜಿಯ ಯಾತ್ರೆ ಕೈಗೊಂಡಾಗ, ದಿನಕ್ಕೆ ಒಂದೇ ಸಲ ಊಟ ಮಾಡುವ ಆಜೀವ ನಿಯಮವನ್ನು ಸ್ವೀಕರಿಸಿದರು. ಗೃಹಸ್ಥನಾಗಿದ್ದುಕೊಂಡೇ ಮುನಿಚರ್ಯೆಯ ಒಂದು ಅಂಗವನ್ನು ಹೀಗೆ ಅಭ್ಯಾಸ ಮಾಡಿದರು.

ಮಾತಾಪಿತೃಗಳ ದೇಹಾಂತ್ಯದ ತರುವಾಯವೂ ಅವರು ಆತುರಪಡಲಿಲ್ಲ. ಮೊದಲು ದೇವೇಂದ್ರಕೀರ್ತಿ ಸ್ವಾಮಿಗಳಿಂದ ಕ್ಷುಲ್ಲಕದೀಕ್ಷೆ. ಬಳಿಕ ಗಿರಿನಾರದಲ್ಲಿ ನೇಮಿನಾಥ ಭಗವಂತನ ಸನ್ನಿಧಿಯಲ್ಲಿ ಐಲಕವ್ರತ. ಅಲ್ಲಿಂದ ಮರಳುತ್ತ ವಾಹನತ್ಯಾಗ. 1920ರ ಸುಮಾರಿಗೆ ಬೆಳಗಾವಿ ಜಿಲ್ಲೆಯ ಯರನಾಳದಲ್ಲಿ ದಿಗಂಬರ ಮುನಿದೀಕ್ಷೆ. ಆಗ ಅವರ ವಯಸ್ಸು ಐವತ್ತರ ಸಮೀಪ. 1924ರಲ್ಲಿ ಸಮಡೋಳಿಯಲ್ಲಿ ಚತುಸ್ಸಂಘವು ಅವರಿಗೆ ಆಚಾರ್ಯಪದವನ್ನು ಅರ್ಪಿಸಿತು. ಒಂದು ಮೆಟ್ಟಿಲಲ್ಲಿ ಕಾಲು ಗಟ್ಟಿಯಾಗಿ ನಿಂತ ಮೇಲೆಯೇ ಮುಂದಿನ ಮೆಟ್ಟಿಲಿಗೆ ಕಾಲಿಡುವುದು ಅವರ ಜೀವನಕ್ರಮವಾಗಿತ್ತು.

1927ರಲ್ಲಿ ಕುಂಭೋಜ ಬಾಹುಬಲಿಯಿಂದ ಹೊರಟ ಸಂಘವು ಮರುವರ್ಷ ಶಿಖರಜಿಯನ್ನು ತಲುಪಿತು. ಹಿಂದೆ ಗೃಹಸ್ಥರಾಗಿ ಕಂಡ ಕ್ಷೇತ್ರವನ್ನು ಈಗ ನಿರ್ಗ್ರಂಥರಾಗಿ ಕಂಡರು. ದಿಗಂಬರ ಮುನಿಗಳ ದರ್ಶನವೇ ಅಪೂರ್ವವಾಗಿದ್ದ ಉತ್ತರ ಭಾರತದಲ್ಲಿ, ದಿಲ್ಲಿಯವರೆಗೂ ಅವರು ವಿಹರಿಸಿದರು. ಮುನಿಜೀವನದ ಮೂವತ್ತೈದು ವರ್ಷಗಳಲ್ಲಿ ಅವರು ಆಚರಿಸಿದ ಉಪವಾಸಗಳು 9,000ಕ್ಕೂ ಮಿಗಿಲೆಂದು ಶಿಷ್ಯವರ್ಗದ ಗಣನೆ.

ಕಠಿಣತಮ ಪರೀಕ್ಷೆ ಬಂದುದು ಕಡೆಗಾಲದಲ್ಲಿ. ವೃದ್ಧಾಪ್ಯದಲ್ಲಿ ಕಣ್ಣಿನ ದೃಷ್ಟಿ ಕ್ಷೀಣಿಸುತ್ತ ಬಂದಿತು. ನೆಲವನ್ನು ನೋಡಿ ಹೆಜ್ಜೆಯಿಡುವುದು ಮುನಿಗಳ ಈರ್ಯಾಸಮಿತಿ. ಆಹಾರವನ್ನು ನೋಡಿ ಶೋಧಿಸಿ ಸ್ವೀಕರಿಸುವುದು ಏಷಣಾಸಮಿತಿ. ದೃಷ್ಟಿಯಿಲ್ಲದೆ ಇವೆರಡೂ ಸಾಗವು. ದೇಹದ ರಕ್ಷಣೆಗಾಗಿ ವ್ರತವನ್ನು ಸಡಿಲಿಸಬೇಕೋ, ವ್ರತದ ರಕ್ಷಣೆಗಾಗಿ ದೇಹದ ಮಮತೆಯನ್ನು ಬಿಡಬೇಕೋ ಎಂಬ ಪ್ರಶ್ನೆ ಎದುರಾಯಿತು. ಆಚಾರ್ಯರು ಎರಡನೆಯದನ್ನು ಆರಿಸಿಕೊಂಡರು. 1955ರ ಆಗಸ್ಟ್ 14ರಂದು ಕುಂಥಲಗಿರಿಯಲ್ಲಿ ಸಲ್ಲೇಖನಾವ್ರತವು ಆರಂಭವಾಯಿತು. ಆಚಾರ್ಯಪದವನ್ನು ದೂರದಲ್ಲಿದ್ದ ಶಿಷ್ಯ ವೀರಸಾಗರರಿಗೆ ವಹಿಸಿದರು. ಸೆಪ್ಟೆಂಬರ್ 8ರಂದು, ಕೃಶವಾದ ಶರೀರದಿಂದಲೇ, ಸಮಾಜಕ್ಕೆ ಸಂಯಮದ ಅಂತಿಮೋಪದೇಶವಿತ್ತರು. ಸೆಪ್ಟೆಂಬರ್ 18ರ ಪ್ರಾತಃಕಾಲ, ಮೂವತ್ತಾರನೆಯ ದಿನ, ಸಮಾಧಿಮರಣವನ್ನೈದಿದರು.

ಅವರ ಮೂವತ್ತಾರು ದಿನಗಳನ್ನು ಕೇಳಿ ಬೆರಗಾಗುವ ನಾವು, ಅದರ ಹಿಂದಿನ ಐವತ್ತು ವರ್ಷಗಳನ್ನು ಮರೆಯಬಾರದು. 1905ರ ಏಕಾಹಾರದ ನಿಯಮವೇ 1955ರ ಸಮಾಧಿಗೆ ಬೀಜ. ಮಹಾವ್ರತಗಳು ಎಲ್ಲರಿಗೂ ಸಾಧ್ಯವಲ್ಲ. ಚಿಕ್ಕದೊಂದು ನಿಯಮವನ್ನು ಹಿಡಿದು ಬಿಡದಿರುವುದು ಎಲ್ಲ ಶ್ರಾವಕರಿಗೂ ಸಾಧ್ಯ. ಕಷ್ಟ ಬಂದ ದಿನ ಧೈರ್ಯವನ್ನು ಅರಸಿದರೆ ದೊರೆಯದು; ಸುಖದ ದಿನಗಳಲ್ಲಿ ಪಾಲಿಸಿದ ನಿಯಮವೇ ಅಂದು ಊರುಗೋಲಾಗುವುದು. ಬರುವ ಅಷ್ಟಮಿ ಅಥವಾ ಚತುರ್ದಶಿಯಂದು ಅಂಥ ಒಂದು ನಿಯಮವನ್ನು ಸ್ವೀಕರಿಸಿದರೆ, ಅದೇ ಆ ಪುಣ್ಯಪುರುಷರಿಗೆ ನಾವು ಸಲ್ಲಿಸುವ ನಿಜವಾದ ವಂದನೆ.