ಫೇಲಿಕ್ಸ್ ಮೆಂಡೆಲ್ಸೋನನೂ ಅವನ ಅಕ್ಕನೂ

ಕ್ರಿಸ್ತಜಯಂತಿಯಲ್ಲಿ ದೂತರ ಸ್ತೋತ್ರವನ್ನು ಹಾಡುವ ಅನೇಕ ಸಭೆಗಳು ಅದನ್ನು ಫೇಲಿಕ್ಸ್ ಮೆಂಡೆಲ್ಸೋನನ ರಾಗದಲ್ಲಿ ಹಾಡುತ್ತವೆ. ಅವನು ಆ ರಾಗವನ್ನು 1840ರಲ್ಲಿ ಅಚ್ಚುಕಲೆಯ ಉತ್ಸವಕ್ಕಾಗಿ ಕಟ್ಟಿದ್ದನು. ಸ್ತೋತ್ರದ ಮಾತುಗಳು ಅದಕ್ಕೆ ಕೂಡಿದ್ದು ಅವನ ಮರಣಾನಂತರವೇ. ರಾಗವನ್ನು ಬಲ್ಲ ನಮ್ಮ ವಾಚಕರಲ್ಲಿ ಅದನ್ನು ಕಟ್ಟಿದವನ ದುಃಖವನ್ನು ಬಲ್ಲವರು ಕೆಲವರೇ ಇರಬಹುದು.

ಇವನು 1809ರಲ್ಲಿ ಜರ್ಮನಿಯ ಹ್ಯಾಂಬುರ್ಗ್ ಪಟ್ಟಣದಲ್ಲಿ ಯೆಹೂದ್ಯ ಮನೆತನದಲ್ಲಿ ಹುಟ್ಟಿದನು. ಅಜ್ಜನಾದ ಮೋಸೆಸ್ ಮೆಂಡೆಲ್ಸೋನನು ಯೆಹೂದ್ಯರಲ್ಲಿ ಹೆಸರುಗೊಂಡ ತತ್ವಜ್ಞಾನಿಯಾಗಿದ್ದನು. ತಂದೆಯಾದ ಅಬ್ರಹಾಮನು 1816ರಲ್ಲಿ ಬೆರ್ಲಿನಿನಲ್ಲಿ ಮಕ್ಕಳಿಗೆ ದೀಕ್ಷಾಸ್ನಾನ ಮಾಡಿಸಿ, ಆರು ವರುಷಗಳ ತರುವಾಯ ತಾನೂ ಹೆಂಡತಿಯೂ ಅದನ್ನು ಹೊಂದಿದರು. ಹಳೆಯ ಬಳಗವು ಒಂದು ಕಡೆ, ಹೊಸ ಸಭೆಯು ಇನ್ನೊಂದು ಕಡೆ; ಇಂಥ ಮನೆಯ ಮಕ್ಕಳು ಒಬ್ಬರನ್ನೊಬ್ಬರು ಎಷ್ಟು ಬಿಗಿಯಾಗಿ ಹಿಡಿದುಕೊಳ್ಳುವರೆಂಬದನ್ನು ನಮ್ಮ ವಾಚಕರಿಗೆ ವಿವರಿಸಬೇಕಾದದ್ದಿಲ್ಲ.

ಅಕ್ಕನಾದ ಫನ್ನಿಯು ಅವನಿಗಿಂತ ಮೂರು ವರುಷಕ್ಕೆ ಮಿಕ್ಕು ದೊಡ್ಡವಳು. ಇಬ್ಬರೂ ಒಂದೇ ಗುರುಗಳಿಂದ ಸಂಗೀತ ಕಲಿತರು, ಇಬ್ಬರೂ ರಾಗಗಳನ್ನು ಕಟ್ಟಿದರು. ಆದರೆ ಹೆಂಗಸಿಗೆ ಸಂಗೀತವು ಮನೆಯ ಅಲಂಕಾರವಾಗಿದ್ದರೆ ಸಾಕೆಂದು ತಂದೆಯು ಎಣಿಸಿದನು, ತಮ್ಮನೂ ಬಹುಕಾಲ ಹಾಗೆಯೇ ಎಣಿಸಿದನು. ಇದು ಅವನಲ್ಲಿದ್ದ ಕೊರತೆಯೆಂದು ನಾವು ಭಾವಿಸುತ್ತೇವೆ. 1846ರಲ್ಲಿ ಅವಳು ತನ್ನ ರಚನೆಗಳನ್ನು ತಾನಾಗಿ ಅಚ್ಚುಮಾಡಿಸತೊಡಗಿದಾಗ ಅವನು ಬರೆದು ಹರಸಿದನು.

1847ನೇ ಮೇ 14ರಂದು, ಬೆರ್ಲಿನಿನ ತನ್ನ ಮನೆಯಲ್ಲಿ ಭಾನುವಾರದ ಸಂಗೀತಕ್ಕಾಗಿ ತಮ್ಮನದೇ ಒಂದು ಕೃತಿಯನ್ನು ಅಭ್ಯಾಸ ಮಾಡಿಸುತ್ತಾ ಪಿಯಾನೋ ಮುಂದೆ ಕೂತಿದ್ದ ಫನ್ನಿಯ ಕೈಗಳು ಮರಗಟ್ಟಿದವು. ಅದೇ ರಾತ್ರಿ ಅವಳು ತೀರಿಹೋದಳು. ಅವಳಿಗೆ 41 ವರುಷವಾಗಿತ್ತು. ಗಂಡನಾದ ಚಿತ್ರಕಾರ ವಿಲ್ಹೆಲ್ಮ್ ಹೆನ್ಸೆಲನು ಮರಣಶಯ್ಯೆಯ ಬಳಿ ಕೂತು ಅವಳ ಮುಖವನ್ನು ಬರೆದನು. ಆ ಮೇಲೆ ಅವನ ಕುಂಚವು ಹೆಚ್ಚುಕಡಿಮೆ ನಿಂತೇಹೋಯಿತು. 16 ವರುಷದ ಮಗನಾದ ಸೆಬಾಸ್ಟಿಯನನನ್ನು ಚಿಕ್ಕಮ್ಮ ರೆಬೆಕ್ಕಳು ತನ್ನ ಮನೆಗೆ ಕರಕೊಂಡಳು.

ಇಂಗ್ಲೆಂಡಿನಿಂದ ಆಗತಾನೇ ಫ್ರಾಂಕ್‌ಫುರ್ಟಿಗೆ ಬಂದಿದ್ದ ಫೇಲಿಕ್ಸನು ಈ ವರ್ತಮಾನವನ್ನು ಕೇಳಿ ಕೂಗಿಕೊಂಡು ಮೂರ್ಛೆಹೋದನು. ಅಕ್ಕನನ್ನು ಮಣ್ಣುಮಾಡುವಾಗ ಅವನು ಅಲ್ಲಿರಲಿಲ್ಲ. ಹನ್ನೆರಡು ವರುಷಗಳ ಹಿಂದೆ ತಂದೆಯು ಸತ್ತಾಗ, ತಂದೆಯ ಆಸೆಯಂತೆ ಅಪೊಸ್ತಲನಾದ ಪೌಲನ ಗಾನಚರಿತ್ರೆಯನ್ನು ಮುಗಿಸುವದರಲ್ಲಿ ಅವನಿಗೆ ಆಧಾರ ಸಿಕ್ಕಿತ್ತು. ಈ ಸಾರಿ ಕೆಲಸವೇ ಕೈಗೆ ಹತ್ತಲಿಲ್ಲ. ಇಂಥ ದುಃಖವನ್ನು ಅಪನಂಬಿಕೆಯೆನ್ನುವವರೊಂದಿಗೆ ನಾವು ಕೂಡುವದಿಲ್ಲ. ಕಳೆದ ವರುಷವೇ ಎಲೀಯನ ಚರಿತ್ರೆಯನ್ನು ಬರ್ಮಿಂಗ್‌ಹ್ಯಾಮಿನಲ್ಲಿ ಹಾಡಿಸಿದ್ದವನು ಇವನೇ.

ಬೇಸಗೆಯಲ್ಲಿ ಹೆಂಡತಿಮಕ್ಕಳೊಂದಿಗೆ ಸ್ವಿಟ್ಜರ್ಲೆಂಡಿನ ಬೆಟ್ಟಗಳಿಗೆ ಹೋದನು. ತಮ್ಮನಾದ ಪೌಲನೂ ಭಾವನಾದ ಹೆನ್ಸೆಲನೂ ಕೆಲಕಾಲ ಜೊತೆಗಿದ್ದರು. ಫೇಲಿಕ್ಸನು ಬೆಟ್ಟಗಳನ್ನೂ ಹಳ್ಳಿಗಳನ್ನೂ ನೀರುಬಣ್ಣದಲ್ಲಿ ಬರೆಯುತ್ತಾ ದಿನ ಕಳೆದನು. ಕಡೆಗೆ ನಾಲ್ಕು ತಂತಿವಾದ್ಯಗಳಿಗಾಗಿ ಒಂದು ಕೃತಿಯನ್ನು ಕಟ್ಟಿದನು. ಅದರಲ್ಲಿ ಮಾತಿಲ್ಲ, ಸಮಾಧಾನವೂ ಹೆಚ್ಚಿಲ್ಲ.

ಹಿಂದಿರುಗಿದ ಮೇಲೆ ಬೆರ್ಲಿನಿಗೆ ಹೋಗಿ, ಅಕ್ಕನು ಬಿಟ್ಟಂತೆಯೇ ಇದ್ದ ಅವಳ ಕೋಣೆಯನ್ನು ನೋಡಿದನು. ಬೆಟ್ಟದಲ್ಲಿ ಕೂಡಿಸಿಕೊಂಡಿದ್ದ ಅಲ್ಪ ಬಲವೂ ಅಲ್ಲಿ ಮುರಿಯಿತು. ನವೆಂಬರ್ 4ರಂದು ಲೈಪ್ಸಿಗ್ ಪಟ್ಟಣದಲ್ಲಿ, ಅಕ್ಕನಂತೆಯೇ ಪಾರ್ಶ್ವವಾಯುವಿನ ಹೊಡೆತದಿಂದ, 38ನೇ ವಯಸ್ಸಿನಲ್ಲಿ ತೀರಿಹೋದನು. ಹೆಂಡತಿಯಾದ ಸೆಸೀಲೆಯೂ ಐದು ಮಕ್ಕಳೂ ಉಳಿದರು. ಅವನ ಶವವನ್ನು ಬೆರ್ಲಿನಿಗೆ ಒಯ್ದು ಫನ್ನಿಯ ಪಕ್ಕದಲ್ಲಿ ಹೂಳಿದರು.

ತಾಯಿಯನ್ನು ಕಳಕೊಂಡ ಆ ಹುಡುಗ ಸೆಬಾಸ್ಟಿಯನನು ದೊಡ್ಡವನಾಗಿ, ಮನೆಯವರ ಕಾಗದಗಳನ್ನೂ ದಿನಚರಿಗಳನ್ನೂ ಕೂಡಿಸಿ, 1879ರಲ್ಲಿ ಪುಸ್ತಕವಾಗಿ ಅಚ್ಚುಮಾಡಿಸಿದನು.